ದಿಲ್ಲಿಗೆ ಹೋದ ಮೆತ್ತನೆಯ ರೊಟ್ಟಿ

ನಮ್ಮ ಅವ್ವ ಊರುಗಳ ದೂರವನ್ನು ರೊಟ್ಟಿಯಿಂದ ಅಳೆಯುತ್ತಿದ್ದಳು. ಅಕ್ಕಲಕೋಟೆಗೂ ಮುಂಬೈಗೂ ಬುತ್ತಿಯಲ್ಲಿ ಮೆತ್ತನೆಯ ಜೋಳದ ರೊಟ್ಟಿ. ಅದರಾಚೆಗಿನದೆಲ್ಲ ಖಡಕ್ ರೊಟ್ಟಿಯ ಊರು. ದಿಲ್ಲಿಗೆ ಮದುವೆಯಾಗಿ ಹೋದ ಅಕ್ಕನಿಗೆ ವರ್ಷಗಳಿಂದ ರೈಲಿನಲ್ಲಿ ಹೋಗುತ್ತಿದ್ದುದು ತಿಂಗಳಾದರೂ ಕೆಡದ, ಹಪ್ಪಳದಂತೆ ಮುರಿಯುವ ಆ ರೊಟ್ಟಿಯೇ.

ಎಪ್ಪತ್ತರ ದಶಕದಲ್ಲೊಮ್ಮೆ, ನಮ್ಮೂರಿನ ನವಿ ಪೇಠ ಬೀದಿಯಲ್ಲಿದ್ದ ನಮ್ಮ ಬಟ್ಟೆ ಅಂಗಡಿಯ ತುರ್ತು ಕೆಲಸಕ್ಕೆ ಅಪ್ಪ ನನ್ನನ್ನು ಮುಂಬೈಯಿಂದ ವಿಮಾನದಲ್ಲಿ ದಿಲ್ಲಿಗೆ ಕಳಿಸಿದರು. ಅವ್ವ ಎಂದಿನಂತೆ ಖಡಕ್ ರೊಟ್ಟಿಯ ಡಬ್ಬಿ ಇಳಿಸಿದಳು. ನನಗೆ ರೇಗಿತು.

"ಅವ್ವಾ, ವಿಮಾನ ಎರಡ ತಾಸಿನ್ಯಾಗ ಮುಟ್ತದ. ಮೆತ್ತನ್ನವು ಮಾಡು."

"ಎರಡ ತಾಸಿನ್ಯಾಗ ನಮ್ಮ ಅಕ್ಕಲಕೋಟ ಬಸ್ಸು ಹೋಗಿ ಹೊಳ್ಳಿ ಬರಂಗಿಲ್ಲ. ರೊಟ್ಟಿಗೆ ಬೂಸ್ರ ಬಂದು ಕೆಟ್ರ ಆಕಿ ಏನ ತಿಂತಾಳ?"

ನಾನು ಹಟ ಬಿಡಲಿಲ್ಲ. ಅವ್ವ ಗೊಣಗುತ್ತಲೇ ಮೆತ್ತನೆಯ ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಎಣ್ಣೆಗಾಯಿ ಪಲ್ಯದ ಜೊತೆ ಕಟ್ಟಿಕೊಟ್ಟಳು. ಪಕ್ಕದಲ್ಲಿ ಖಡಕ್ ರೊಟ್ಟಿಯನ್ನೂ ತುರುಕಿದಳು. ವಿಮಾನದ ಮೇಲೆ ಅವಳಿಗೆ ಅಷ್ಟು ನಂಬಿಕೆಯಿರಲಿಲ್ಲ.

ರೈಲಿನಲ್ಲಿ ಮುಂಬೈ, ಅಲ್ಲಿಂದ ವಿಮಾನ. ಜೀವನದಲ್ಲಿ ಮೊದಲ ಸಲ ಮೋಡದ ಮೇಲೆ ಹಾರುತ್ತಿದ್ದರೂ ಕಿಟಕಿಯಾಚೆ ನೋಡಿದ್ದು ಕಡಿಮೆ, ತೊಡೆಯ ಮೇಲಿನ ಗಂಟನ್ನು ಮುಟ್ಟಿ ನೋಡಿದ್ದೇ ಹೆಚ್ಚು. ಮಧ್ಯಾಹ್ನದ ಊಟದ ಹೊತ್ತಿಗೆ ಅಕ್ಕನ ಅಡುಗೆಮನೆಯಲ್ಲಿದ್ದೆ.

ಅಕ್ಕ ರೂಢಿಯಂತೆ ರೊಟ್ಟಿ ನೆನೆಸಲು ಮೊದಲೇ ತಟ್ಟೆಗೆ ಸಾರು ಸುರಿದುಕೊಂಡು ಕೂತಳು. ನಾನು ಗಂಟನ್ನು ಅವಳ ಮುಂದಿಟ್ಟು, ಎದೆಯುಬ್ಬಿಸಿ ಎದುರಿಗೆ ನಿಂತೆ. ಅವಳು ಗಂಟು ಬಿಚ್ಚಿ, ಮೇಲಿನ ರೊಟ್ಟಿಯನ್ನು ಮುರಿಯಲೆಂದು ಎರಡೂ ಕೈಯಲ್ಲಿ ಹಿಡಿದಳು.

ಅದು ಮುರಿಯಲಿಲ್ಲ, ಬಾಗಿತು.