ಮಾಲೆ ಹಾಕಿದ ಮುಖ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಚಿತ್ರಕ್ಕೆ ಕೂತ ದಿನ ದೊಡ್ಡವ್ವ ಹಸಿರು ಸೀರೆ ಉಟ್ಟಿದ್ದಳೆಂದು ನನ್ನ ನೆನಪು. ಆದರೆ ನಾನು ಬರೆದದ್ದು ಇದ್ದಿಲಿನಲ್ಲಿ. ಚಿತ್ರದಲ್ಲಿ ಬಣ್ಣವೇ ಇಲ್ಲದ್ದರಿಂದ ಹಸಿರಿಗೆ ಸಾಕ್ಷಿಯಿಲ್ಲ. ಆಯಿಯ ವಿಷಯದಲ್ಲಂತೂ ನನ್ನ ಮಾತನ್ನು ನಾನೇ ಪೂರ್ತಿ ನಂಬುವುದಿಲ್ಲ. ಆಕೆ ಅವ್ವನ ತಾಯಿ. ಭಾಲ್ಕಿಯಲ್ಲಿ ತೀರಿಕೊಂಡಾಗ ನಾನು ಮೂರನೆಯ ತರಗತಿಯಲ್ಲಿದ್ದೆ.

ಆಯಿಯದು ಮುಖ ಕಾಣುವಂಥ ಒಂದೂ ಫೋಟೋ ಇರಲಿಲ್ಲ. ಮತದಾರರ ಚೀಟಿಯಲ್ಲಿ ಒಂದಿತ್ತು, ಅದರಲ್ಲಿ ಸೆರಗಿನ ಅಂಚು ಬಿಟ್ಟರೆ ಉಳಿದದ್ದೆಲ್ಲ ಕಪ್ಪು. ಭಾಲ್ಕಿಯ ಫೋಟೋ ಸ್ಟುಡಿಯೋದವರು ಆ ಮುಖವನ್ನೇ ತಿದ್ದಿ, ರೇಷ್ಮೆ ಸೀರೆ ಉಟ್ಟ ಬೇರೊಂದು ಮೈಗೆ ಕೂಡಿಸಿಕೊಡುತ್ತೇವೆ ಎಂದಿದ್ದರಂತೆ. ನಮ್ಮ ಕಡೆ ಅನೇಕ ಮನೆಗಳ ಗೋಡೆಯ ಮೇಲಿರುವ ಹಿರಿಯರು ಹೀಗೆಯೇ ತಯಾರಾದವರು. ಔರಾದದಲ್ಲಿರುವ ದೊಡ್ಡವ್ವ, ಅಂದರೆ ಅವ್ವನ ಅಕ್ಕ, ಅದಕ್ಕೆ ಒಪ್ಪಲಿಲ್ಲ. “ಆಕಿ ಜಲ್ಮದಾಗ ರೇಷ್ಮಿ ಸೀರಿ ಉಟ್ಟಾಕಿ ಅಲ್ಲ. ನಾಳಿ ಮೊಮ್ಮಕ್ಕಳು, ಈ ಸಾವಕಾರ್ತಿ ಯಾರು ಅಂತ ಕೇಳ್ತಾವ” ಎಂದಳಂತೆ. ಹೀಗಾಗಿ ಪ್ರತಿ ವರ್ಷ ಆಯಿಯ ಪುಣ್ಯತಿಥಿಯ ದಿನ ದೊಡ್ಡವ್ವನ ಮನೆಯಲ್ಲಿ ಒಂದು ಖಾಲಿ ಮಣೆಗೆ ಹೂವು ಏರಿಸುತ್ತಿದ್ದರು.

ಚಿತ್ರ ಬರೆದ ವರ್ಷ ನಾನು ಬೀದರದಿಂದ ಒಂದು ರಾತ್ರಿಯ ರೈಲುದಾರಿಯ ದೂರದ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಎರಡನೆಯ ವರ್ಷದಲ್ಲಿದ್ದೆ. ಬೆಳಿಗ್ಗೆ ಸ್ಟುಡಿಯೋದಲ್ಲಿ ಚಿತ್ರ ಬರೆಯುವುದು, ಮಧ್ಯಾಹ್ನ ಕತ್ತಲು ಮಾಡಿದ ಕೋಣೆಯಲ್ಲಿ ಕಲೆಯ ಇತಿಹಾಸ. ಇದೊಂದು ಓದು ಎಂದು ನಮ್ಮವರಿಗೆ ಹೇಳುವುದು ಕಷ್ಟವಿತ್ತು. ದೊಡ್ಡಪ್ಪನಿಗೆ ಬೀಜ-ಗೊಬ್ಬರದ ಅಂಗಡಿ. ಓದು ಮುಗಿದ ಮೇಲೆ ಮೊದಲು ತನ್ನ ಅಂಗಡಿಯ ಬೋರ್ಡು ಬರೆದುಕೊಡಬೇಕು, ಅದರ ಬಣ್ಣ ಹೋಗಿದೆ ಎಂದು ಹೋದಾಗಲೆಲ್ಲ ಕಾಡುತ್ತಿದ್ದ. ದೊಡ್ಡವ್ವ ನಗುತ್ತಿರಲಿಲ್ಲ. ಆ ಬೇಸಿಗೆಯ ರಜೆಯಲ್ಲಿ ಆಕೆ ನನ್ನನ್ನು ಕರೆಸಿ ಆಯಿಯ ಚಿತ್ರ ಕೇಳಿದಳು. ನನ್ನ ಓದಿನಿಂದ ನಮ್ಮ ಮನೆತನದಲ್ಲಿ ಯಾರಾದರೂ ನಿಜವಾಗಿ ಏನನ್ನಾದರೂ ಕೇಳಿದ್ದು ಅದೇ ಮೊದಲು.

ನೆನಪಿನಿಂದ ಬರೆಯಲು ಕೂತೆ. ಬಂದದ್ದು ಯಾವುದೋ ಒಬ್ಬ ಮುದುಕಿ. ಅವ್ವನೂ ದೊಡ್ಡವ್ವನೂ ಎರಡೂ ಬದಿಗೆ ನಿಂತು ಹೇಳತೊಡಗಿದರು. ಗದ್ದದ ಮೇಲಿದ್ದದ್ದು ಮಚ್ಚೆ ಎಂದು ಅವ್ವ; ಮಚ್ಚೆಯಲ್ಲ, ಹಚ್ಚೆಯ ಬೊಟ್ಟು ಎಂದು ದೊಡ್ಡವ್ವ. ಮೂಗು ಮೊಂಡ ಎಂದು ಒಬ್ಬಳು, ಅದು ಮುಪ್ಪಿನಲ್ಲಿ ಹಾಗಾದದ್ದು ಎಂದು ಇನ್ನೊಬ್ಬಳು. ಒಬ್ಬಳೇ ತಾಯಿಯ ಮಕ್ಕಳು, ಒಂದೇ ಮನೆಯಲ್ಲಿ ಬೆಳೆದವರು. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ ಮಾತಿಗೆ: ವಯಸ್ಸಾದಂತೆ ದೊಡ್ಡವ್ವ ಆಯಿಯ ಹಾಗೆಯೇ ಆಗುತ್ತಿದ್ದಾಳೆ.

ಗೊತ್ತಿರುವುದನ್ನು ಬರೆಯಬೇಡ, ಕಣ್ಣಿಗೆ ಕಂಡದ್ದನ್ನು ಬರೆ ಎಂದು ನಮ್ಮ ಸ್ಟುಡಿಯೋದ ಮೇಡಂ ಹೇಳುತ್ತಲೇ ಇರುತ್ತಿದ್ದರು. ನನ್ನ ಕಣ್ಣಿಗೆ ಕಾಣುವಂತಿದ್ದವಳು ದೊಡ್ಡವ್ವ. ಆಕೆಯನ್ನು ಪಡಸಾಲೆಯ ಬಾಗಿಲ ಬೆಳಕಿನಲ್ಲಿ ಕೂರಿಸಿದೆ. ಸುಮ್ಮನೆ ಕೂರಲು ಬಾರದೆ ಮೊರದಲ್ಲಿ ತೊಗರಿಬೇಳೆ ಹಿಡಿದು ಕೂತಳು. ನಾನು ಕೆನ್ನೆಗಳನ್ನು ಒಳಕ್ಕೆ ತಳ್ಳಿದೆ, ಸೆರಗನ್ನು ತಲೆಯ ಮೇಲೆಳೆದೆ, ಗದ್ದಕ್ಕೆ ಒಂದು ಚುಕ್ಕೆ ಇಟ್ಟೆ. ಮಚ್ಚೆಯೋ ಹಚ್ಚೆಯೋ ತಿಳಿಯದ ಚುಕ್ಕೆ. ಚಿತ್ರ ಕಂಡು ಅವ್ವ ಅತ್ತಳು. ದೊಡ್ಡವ್ವ ಬಹಳ ಹೊತ್ತು ನೋಡಿ, “ಹಾಂ, ಹಿಂಗೇ ಇದ್ದಳು” ಎಂದಳು.

ಕಟ್ಟು ಹಾಕಿಸುವ ಮೊದಲು ಅದನ್ನು ಕಾಲೇಜಿಗೆ ಒಯ್ದೆ. ನಮ್ಮ ನಮ್ಮ ಕೆಲಸವನ್ನು ಗೋಡೆಗೆ ಅಂಟಿಸಿ ಎಲ್ಲರೂ ಅದರ ಬಗ್ಗೆ ಮಾತಾಡುವ ತರಗತಿಯೊಂದಿತ್ತು. ಇದು ಯಾರು ಎಂದರೆ, ತೀರಿಹೋದ ನನ್ನ ಅಜ್ಜಿ ಎಂದೆ. ಮೇಡಂ ಹತ್ತಿರ ಹೋಗಿ ಕಣ್ಣಿನ ಕೆಳಗಿನ ನೆರಳನ್ನು ನೋಡಿ, ಇದರಲ್ಲಿ ಎದುರಿಗೆ ಕೂತವರ ಉಸಿರಿದೆ, ಇದು ಬದುಕಿರುವವರ ಮುಖ ಎಂದರು. ಆ ವರ್ಷ ನಾನು ಕೇಳಿದ ಅತಿ ದೊಡ್ಡ ಹೊಗಳಿಕೆ ಅದು. ಮುಂದಿನ ರಜೆಯಲ್ಲಿ ಬೀದರದಲ್ಲಿ ಗಾಜು, ಕಟ್ಟು ಹಾಕಿಸಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಔರಾದಕ್ಕೆ ಹೋಗುವಾಗಲೂ ಅದೇ ಮಾತು ಮನಸ್ಸಿನಲ್ಲಿತ್ತು.

ಪುಣ್ಯತಿಥಿಯ ದಿನ ದೊಡ್ಡವ್ವನೇ ಚಿತ್ರಕ್ಕೆ ವಿಭೂತಿ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದಳು. ಊಟದ ಹೊತ್ತಿಗೆ ಪಕ್ಕದ ಮನೆಯ ಹೆಂಗಸು ಬಂದಳು. ಆಯಿಯನ್ನು ನೋಡಿದವಳಲ್ಲ. ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕಾರ, ನಿಮ್ಮ ಫೋಟೋಕ್ಕ ನೀವೇ ಮಾಲಿ ಹಾಕೀರೆಲ್ರಿ?”

ಬದುಕಿರುವವರ ಚಿತ್ರಕ್ಕೆ ಮಾಲೆ ಹಾಕುವುದೆಂದರೇನು ಎಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ದೊಡ್ಡಪ್ಪ ಎದ್ದು ಹೊರಗೆ ಹೋದ. ಆ ಹೆಂಗಸು ಹೋದ ಮೇಲೆ ಅವ್ವ, ಅದನ್ನು ಇಳಿಸು ಎಂದಳು. ನಾನು ಕಲಿತ ವಿದ್ಯೆಯನ್ನೆಲ್ಲ ಎತ್ತಿಕೊಂಡು ಅಡ್ಡ ನಿಂತೆ. ನಮ್ಮ ನಾಡಿನ ವೀರಗಲ್ಲುಗಳಲ್ಲಿ ಸತ್ತವರ ಮುಖಗಳೆಲ್ಲ ಒಂದೇ ತರಹ ಇರುತ್ತವೆ, ಆದರೂ ಅವರವರ ಮನೆಯವರು ಅವಕ್ಕೇ ಪೂಜೆ ಮಾಡುತ್ತಿದ್ದರು, ಹೋಲಿಕೆಯೇ ಎಲ್ಲ ಅಲ್ಲ ಎಂದೆ.

“ಹಂಗಾದ್ರ ಯಾರದರ ತೂಗ ಹಾಕಬಹುದಲ್ಲ” ಎಂದಳು ಅವ್ವ. “ನಮ್ಮಕ್ಕನ್ನ ಯಾಕ ಕೂರ್ಸಿದಿ?”

ಕಾಲೇಜಿನ ಗೋಡೆಯ ಮೇಲೆ ಆ ಚಿತ್ರವನ್ನು ಒಳ್ಳೆಯದು ಮಾಡಿದ್ದೇ ಈ ಗೋಡೆಯ ಮೇಲೆ ಅದನ್ನು ಅಪಶಕುನ ಮಾಡಿತ್ತು.

ಅವ್ವ ಸ್ಟೂಲು ತಂದಿಟ್ಟಳು. ಆಗ ದೊಡ್ಡವ್ವ, “ಇರ್ಲಿ ಬಿಡು. ಮಣಿಗಿ ಹೂವು ಹಾಕಿ ಸಾಕಾಗ್ಯಾದ ನನಗ” ಎಂದಳು. ಅಷ್ಟೇ. ಚಿತ್ರ ಅಲ್ಲೇ ಉಳಿಯಿತು.

ಇದೆಲ್ಲ ನಡೆದು ಕೆಲವು ವರ್ಷಗಳಾದವು. ಓದು ಮುಗಿಸಿ ಈಗ ಬೀದರದ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತೇನೆ. ಆಯಿಯನ್ನು ನೆನೆಸಿಕೊಳ್ಳಲು ಹೋದರೆ ಕಾಣುವುದು ನನ್ನ ಇದ್ದಿಲಿನ ಗೆರೆಗಳು. ಅದಕ್ಕೂ ಮೊದಲು ನನ್ನಲ್ಲಿ ಬೇರೆ ಮುಖವೊಂದು ಇತ್ತೋ ಇಲ್ಲವೋ, ಹೇಳಲಾರೆ. ಅವ್ವನನ್ನು ಕೇಳಿದರೆ ಅವಳಿಗೂ ಹಾಗೆಯೇ ಅಂತೆ. ಈಗೀಗ ಆ ಚುಕ್ಕೆ ಹಚ್ಚೆಯೇ ಇದ್ದಿರಬೇಕು ಎನ್ನುತ್ತಾಳೆ. ಉಳಿದವಳು ದೊಡ್ಡವ್ವ. ಆಕೆಯ ನೆನಪಿನಲ್ಲಿ ಆಯಿಯ ಮುಖ ಉಳಿದಿದ್ದರೆ ಎಲ್ಲೋ ಒಂದು ಕಡೆ ಉಳಿದಿದೆ ಎಂದಾಯಿತು. ಇಲ್ಲವಾದರೆ ಅದನ್ನು ಅಳಿಸಿದ್ದು ನನ್ನ ಚಿತ್ರವೇ.

ಈ ವರ್ಷದ ಪುಣ್ಯತಿಥಿಗೆ ಔರಾದಕ್ಕೆ ಹೋಗಿದ್ದೆ. ದೊಡ್ಡವ್ವನ ಕೆನ್ನೆಗಳು ತಾವಾಗಿಯೇ ಒಳಕ್ಕೆ ಹೋಗಿವೆ, ನಾನು ಅಂದು ತಳ್ಳಿದ ಕಡೆಯೇ. ಸ್ಟೂಲಿನ ಮೇಲೆ ನಿಂತು ಗಾಜು ಒರೆಸುತ್ತಿದ್ದಳು. ನಾನು ಕೆಳಗೆ ಮಾಲೆ ಹಿಡಿದು ನಿಂತಿದ್ದೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಆಕೆ ಮಾಲೆಗೆ ಕೈ ಚಾಚಿದಳು. ಕೊಟ್ಟೆ. ಅದನ್ನು ಕಟ್ಟಿನ ಎರಡೂ ಮೂಲೆಗೆ ಸಮವಾಗಿ ಇಳಿಬಿಟ್ಟು, ಗಾಜಿನೊಳಗೆ ನೋಡುತ್ತ ಅಲ್ಲೇ ನಿಂತಳು. ಆಗ ಕೇಳಿದೆ:

“ದೊಡ್ಡವ್ವ, ಮಾಲಿ ಹಾಕುವಾಗ ಅದರಾಗ ನಿನಗ ಯಾರು ಕಾಣ್ತಾರ?”