ಹಾಡಿನಿಂದ ತೆಗೆದ ಹೆಸರು

ಪರದೇಶದ ನಮ್ಮೂರು ಸ್ಟ್ರೀಟ್ಸ್‌ವಿಲ್‌ನ ಅಂಗಡಿಯಲ್ಲಿ ಮೊನ್ನೆ ಜೋಳದ ಹಿಟ್ಟಿನ ಚೀಲವೊಂದು ಹರಿದಿತ್ತು. ಆ ವಾಸನೆಗೆ ಪಕ್ಕದ ಮನೆಯ ವೈನಿ ನೆನಪಾದರು. ಧಾರವಾಡದವರು. ಅಲ್ಲಿ ಅತ್ತಿಗೆಯನ್ನು ವೈನಿ ಎನ್ನುತ್ತಾರೆ. ನಮ್ಮ ಬೀದಿಯ ಕನ್ನಡದವರಿಗೆಲ್ಲ ಅವರು ವೈನಿಯೇ.

ತೊಂಬತ್ತರ ದಶಕದ ಕೊನೆ. ಅಕ್ಕ, ಅವಳ ಪಂಜಾಬಿ ಗೆಳೆಯ, ತಮಿಳು ಗೆಳತಿ ಸೇರಿ ನಮ್ಮ ಬೇಸ್‌ಮೆಂಟಿನಲ್ಲಿ ತಮ್ಮ ಮೊದಲ ಆಲ್ಬಮ್ ಮಾಡುತ್ತಿದ್ದರು. ನಾಲ್ಕು ಭಾಷೆ, ಕಂಪ್ಯೂಟರಿನ ತಾಳ, ನಡುನಡುವೆ ಭಾಂಗ್ರಾ, ಜಾನಪದ. ಇದು ಹಾಡೋ ಚಿತ್ರಾನ್ನವೋ ಎಂದು ನಾನು ಕೇಳುತ್ತಿದ್ದೆ. ಶಾಲೆಯ ಡಿಬೇಟ್ ತಂಡದಲ್ಲಿದ್ದೆ. ಮನೆಯಲ್ಲೂ ವಾದಿಸದೆ ಯಾರನ್ನೂ ಬಿಡುತ್ತಿರಲಿಲ್ಲ.

ಅಕ್ಕನಿಗೆ ವೈನಿಯ ದನಿ ಬೇಕಿತ್ತು. ಬರಿಗೈಯಲ್ಲಿ ಮೈಕಿನ ಮುಂದೆ ಕೂತರೆ ಅವರಿಗೆ ಹಾಡೇ ಬರಲಿಲ್ಲ. ಕೊನೆಗೆ ಹಿಟ್ಟು ತಂದು ರೊಟ್ಟಿ ಬಡಿಯತೊಡಗಿದರು. ಬಡಿತದ ಜೊತೆ ದನಿಯೂ ಬಂತು. ಹುಮ್ಮಸ್ಸಿನಲ್ಲಿ, ಗಂಡನ ಹೆಸರು ಸೇರಿಸಿ ಕಟ್ಟುವ ಪ್ರಾಸದ ಪದ್ಯ, ಒಂದು ಒಡಪನ್ನೂ ಹೇಳಿಬಿಟ್ಟರು. ಅವರ ಪ್ರಕಾರ ಹೆಂಡತಿ ಗಂಡನ ಹೆಸರನ್ನು ಬರಿದೆ ಉಚ್ಚರಿಸಿದರೆ ಅವನ ಆಯುಷ್ಯಕ್ಕೆ ಕೇಡು; ಒಡಪಿನ ಪ್ರಾಸದಲ್ಲಿ ಪೋಣಿಸಿಯೇ ಹೇಳಬೇಕು.

ಪಂಜಾಬಿ ಗೆಳೆಯನಿಗೆ ಇದೆಲ್ಲ ಏನು ಗೊತ್ತು? ಇಂಪಾಗಿದೆ ಎಂದು ಆ ಹೆಸರೊಂದನ್ನೇ ಕತ್ತರಿಸಿ, ಹಾಡಿನುದ್ದಕ್ಕೂ ಮತ್ತೆ ಮತ್ತೆ ಬರುವಂತೆ ಜೋಡಿಸಿದ.

ಅದನ್ನು ನಮ್ಮ ಮನೆಯ ನಡುಮನೆಯಲ್ಲಿ ವೈನಿಗೆ ಕೇಳಿಸಿದ ಸಂಜೆ ಹಿಮ ಬೀಳುತ್ತಿತ್ತು. ತಮ್ಮದೇ ದನಿಯಲ್ಲಿ ಆ ಹೆಸರು ಒಂಟಿಯಾಗಿ ಬರುತ್ತಲೇ ಅವರ ಮುಖ ಬಿಳಿಚಿತು.

"ನಿಲ್ಲಸವಾ ಅದನ್ನ. ಇವರು ಇನ್ನೂ ದಾರ್ಯಾಗ ಇದ್ದಾರ."

ವೈನಿಯ ಯಜಮಾನರು ದೂರದ ಪಿಕರಿಂಗ್‌ನ ಅಣುವಿದ್ಯುತ್ ಸ್ಥಾವರದಲ್ಲಿ ಶಿಫ್ಟ್ ಮುಗಿಸಿ ಕಾರಿನಲ್ಲಿ ಬರಬೇಕಿತ್ತು. ಬರುವ ಹೊತ್ತು ಮೀರಿತ್ತು. ಅವರ ಬಳಿ ಸೆಲ್‌ಫೋನೂ ಇರಲಿಲ್ಲ.

"ಇಲ್ಲಿಯ ಹೆಂಗಸರೆಲ್ಲ ಗಂಡನ ಹೆಸರು ಕೂಗ್ತಾರೆ, ವೈನಿ. ಆ ಗಂಡಂದಿರೆಲ್ಲ ಸತ್ತುಹೋದ್ರಾ? ಎವಿಡೆನ್ಸ್ ಏನು?" ಎಂದೆ.

ಅವರು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. "ವಾದದಾಗ ನೀನ ಗೆಲ್ಲು. ನನಗ ಇವರು ಮನಿಗೆ ಬಂದ್ರ ಸಾಕು."

ಮರುದಿನವೇ ಆಲ್ಬಮ್ಮು ಸಿ.ಡಿ. ಅಚ್ಚಿಗೆ ಹೋಗಬೇಕಿತ್ತು. ಹೆಸರು ತೆಗೆದರೆ ಹಾಡು ಸತ್ತಂತೆ ಎಂದು ಗೆಳೆಯ ಇಂಗ್ಲಿಷಿನಲ್ಲಿ ಗೊಣಗಿದ. ಬೀದಿಯಲ್ಲಿ ಹಾದ ಪ್ರತಿ ಹೆಡ್‌ಲೈಟಿಗೂ ನಾನೂ ಕಿಟಕಿಗೆ ಹೋಗಿ ಇಣುಕುತ್ತಿದ್ದೆ. ನಂಬಿಕೆಯೇ ಇಲ್ಲದ ನನಗೆ ಇದೆಂಥ ಹೆದರಿಕೆ ಎಂದುಕೊಂಡೆ.

ಕೊನೆಗೆ ಕಾರು ಬಂತು. ಯಜಮಾನರು ನಮ್ಮ ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತ, "ಯಾಕ ಎಲ್ಲಾರೂ ಹಿಂಗ ನೋಡ್ಲಿಕ್ಕತ್ತೀರಿ? ರೊಟ್ಟಿ ಆಗಿಲ್ಲೇನು?" ಎಂದರು.

ಅಕ್ಕ ಆ ಕ್ಷಣವೇ ಬೇಸ್‌ಮೆಂಟಿಗೆ ಇಳಿದು ಹೆಸರನ್ನು ಅಳಿಸಿದಳು. ಅದಿದ್ದ ಕಡೆಯಲ್ಲೆಲ್ಲ ರೊಟ್ಟಿಯ ಬಡಿತವಷ್ಟೇ ಉಳಿಯಿತು.

ವೈನಿ ಹೋದ ವರ್ಷ ತೀರಿಕೊಂಡರು. ಯಜಮಾನರು ಗಟ್ಟಿಮುಟ್ಟಾಗಿದ್ದಾರೆ, ನಿವೃತ್ತಿ ಹತ್ತಿರವಾದರೂ ಅದೇ ಕೆಲಸ, ಅದೇ ದಾರಿ. ಇದನ್ನು ವೈನಿಯ ನಂಬಿಕೆಗೆ ಪುರಾವೆಯೆಂದು ನಾನು ಒಪ್ಪುವುದಿಲ್ಲ. ಒಂದು ಉದಾಹರಣೆಯಿಂದ ಏನೂ ಸಾಬೀತಾಗದು. ಮೊನ್ನೆ ಅಂಗಡಿಯಿಂದ ಬಂದು ಆ ಸಿ.ಡಿ. ಹಾಕಿದೆ. ಬಡಿತ ಕೇಳಿತು, ಹೆಸರಿನ ಜಾಗವೂ ಬಂತು... ಬಾಯಿತನಕ ಬಂದ ಹೆಸರನ್ನು ನುಂಗಿಕೊಂಡೆ. ಹೊರಗೆ ಹಿಮ ಬೀಳುತ್ತಿತ್ತು. ಆ ಹೊತ್ತಿಗೆ ಯಜಮಾನರು ದಾರಿಯಲ್ಲಿರುತ್ತಾರೆ.