ದುರಗಮ್ಮ ನೋಡಿದ ಅರ್ಧ ಸಿನಿಮಾ

ಹೆಣ್ಣುಮಕ್ಕಳು ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ನಾನು ಅವರ ಸೀರೆಯ ಅಂಚು ನೋಡಿ ಮುಗಿಸಿರುತ್ತೇನೆ. ಮುಖ ನೋಡಿ ಮಾಲು ತೆಗೆಯುವವನು ಗಂಗಾವತಿಯಲ್ಲಿ ಬಟ್ಟೆ ಅಂಗಡಿ ನಡೆಸಲಾರ. ಅಂಚು ಸವೆದಿದ್ದರೆ ನಡೆದು ಬಂದವರು, ಸೆರಗು ಸವೆದಿದ್ದರೆ ಮನೆಯಲ್ಲಿ ಕಣ್ಣೊರೆಸಿಕೊಳ್ಳುವವರು. ದುರಗಮ್ಮ ಮೊದಲ ಸಲ ಬಂದಾಗ ಅವಳ ಅಂಚೂ ಸವೆದಿತ್ತು, ಸೆರಗೂ ಸವೆದಿತ್ತು. ಆದರೆ ಎರಡಕ್ಕೂ ಒಳಗಿನಿಂದ ಪಟ್ಟಿ ಕೊಟ್ಟು ಹೊಲಿದುಕೊಂಡಿದ್ದಳು. ಹೊಲಿಗೆ ಎಲ್ಲಿದೆಯೆಂದು ನನ್ನಂಥವನೂ ಹುಡುಕಬೇಕು. ವಯಸ್ಸು ಮೂವತ್ತೈದರ ಆಸುಪಾಸು. ಕಪ್ಪು ಬಣ್ಣ, ಎಷ್ಟು ತೊಳೆದರೂ ಬಿಡದಂಥದ್ದು. ಕೊಳ್ಳುವ ಗಿರಾಕಿಯಲ್ಲ, ಬಾಳಿಕೆಯ ಮಾಲು ಎಂದು ಮನಸ್ಸಿನಲ್ಲೇ ಬೆಲೆ ಕಟ್ಟಿದೆ.

ಅವಳು ಕೆಲಸ ಕೇಳಲು ಬಂದಿದ್ದಳು.

"ಗಂಡ ಏನ ಮಾಡ್ತಾನ?" ಎಂದೆ.

"ಕುಷ್ಟಗಿ ಕಡೆ ಅದಾನ್ರಿ, ಇನ್ನೊಬ್ಬಾಕಿ ಜೋಡಿ."

"ಸೋಡಚೀಟಿ ಆಗೇತಿ?"

ಸೋಡಚೀಟಿ ಎಂದರೆ ಹಿರಿಯರ ಮುಂದೆ ಬರೆದುಕೊಡುವ ಬಿಡುಗಡೆಯ ಕಾಗದ.

"ಆಗೇತ್ರಿ. ಹರೀಬಾರದು ಅಂತ ಅದಕ್ಕೂ ಫಾಲ್ ಹಚ್ಚಿ ಇಟ್ಟೀನಿ."

ಅಂಗಡಿಯ ಕಟ್ಟೆಯ ಮೇಲೆ ಮಷೀನ್ ಹಾಕಿಕೊಟ್ಟೆ. ಸೀರೆ ಕೊಂಡವರಿಗೆ ಅಲ್ಲೇ ಫಾಲ್ ಹಚ್ಚುವುದು, ಪಿಕೋ ಮಾಡುವುದು ಅವಳ ಕೆಲಸ. ತನ್ನ ಊರು ಮರಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದಳು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಮನೆಯಲ್ಲಿ ತಾಯಿ ಫಕೀರಮ್ಮ ಒಬ್ಬಳೇ. ಗದ್ದೆ ನಾಟಿಗೆ ಕೂಲಿ ಹೋಗುತ್ತಾಳೆ. ದುರಗಮ್ಮನಿಗೆ ಮಕ್ಕಳಿಲ್ಲ. ಊರಿನಲ್ಲಿ ಬಸುರಿಗೆ ಹಸಿರು ಸೀರೆ, ಉಡಿ ತುಂಬುವುದು, ಆರತಿ ಎಂದರೆ ಇವಳನ್ನು ಒಂದು ಮಾತು ಕರೆಯುವವರಿಲ್ಲ. ಆ ಸೀರೆಗಳ ಅಂಚು ಮಾತ್ರ ಇವಳ ಕೈಯನ್ನೇ ದಾಟಿ ಹೋಗಬೇಕು.

ಇನ್ನು ಸುಭಾಷ್. ಕೊಪ್ಪಳದವನು, ಪಾರ್ಸಲ್ ಗಾಡಿ ಓಡಿಸುತ್ತಾನೆ. ಮಂಗಳವಾರ ನನ್ನ ಬಂಡಲ್‌ಗಳು ಬರುವುದು ಅವನ ಗಾಡಿಯಲ್ಲೇ. ಇಸ್ತ್ರಿ ಅಂಗಿ, ಎರಡು ಫೋನು, ಬಾಯಿ ತೆರೆದರೆ ನಗೆ. ಮೋಸದ ಮಾಲಲ್ಲ, ತೆಳ್ಳನೆಯ ಮಾಲು. ಬೆಳಕಿಗೆ ಹಿಡಿದರೆ ಆಚೆ ಬದಿ ಕಾಣುತ್ತದೆ. ಅವನ ಹೆಂಡತಿ ಜಗಳವಾಡಿ ಮಗಳನ್ನು ಕರೆದುಕೊಂಡು ಗದಗಿನ ತವರಿಗೆ ಹೋಗಿದ್ದಳು. ಕೊಪ್ಪಳದ ಕೋರ್ಟಿನಲ್ಲಿ ಬಿಡುಗಡೆಯ ಕೇಸು ನಡೆದಿತ್ತು.

ದುರಗಮ್ಮ ಬಂದು ಕೂತ ಮೇಲೆ ಅವನ ಅಂಗಿಯ ಗುಂಡಿಗಳು ಉದುರತೊಡಗಿದವು.

"ಗುಂಡಿ ಬಿದ್ದೈತಿ ನೋಡ್ರಿ ದುರಗಮ್ಮ," ಎನ್ನುವನು.

"ಬಿದ್ದಿಲ್ಲ, ಬ್ಲೇಡಿಲೆ ಕೊಯ್ದಿದ್ದು. ನೂಲು ಹೇಳ್ತೈತಿ."

"ನೂಲು ಮತ್ತೇನ ಹೇಳ್ತೈತಿ?"

"ಬರೋ ಮಂಗಳವಾರ ಅದರ ಕೆಳಗಿನ ಗುಂಡಿ ಬೀಳ್ತೈತಿ ಅಂತ ಹೇಳ್ತೈತಿ."

ನಾನು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಬಟ್ಟೆ ಅಳೆಯುತ್ತಿರುವವನಂತೆ ತಲೆ ತಗ್ಗಿಸುತ್ತಿದ್ದೆ. ಕೆಳಗಿನ ಗುಂಡಿ ಬಿತ್ತು. ಅದರ ಕೆಳಗಿನದೂ ಬಿತ್ತು. ದುರಗಮ್ಮ ಮಂಗಳವಾರಕ್ಕೆ ಮಲ್ಲಿಗೆ ಮುಡಿದು ಬರಲು ಶುರುಮಾಡಿದಳು.

ಅಷ್ಟರಲ್ಲಿ ಆ ಸಿನಿಮಾ ಬಂತು. ಹೆಂಡತಿ ಬಿಟ್ಟುಹೋದ ಒಬ್ಬ ಗಂಡಸು, ಗಂಡನನ್ನು ಬಿಟ್ಟುಬಂದ ಒಬ್ಬ ಸಾಲಿ ಟೀಚರು, ಇಬ್ಬರೂ ಈ ವಯಸ್ಸಿನಲ್ಲಿ ಇನ್ನೊಮ್ಮೆ ಪ್ರೀತಿ ಮಾಡಲು ಹೊರಟು ಹೆಜ್ಜೆಹೆಜ್ಜೆಗೆ ಫಜೀತಿ ಪಡುವ ನಗೆಯ ಸಿನಿಮಾ. ನಮ್ಮ ಊರಿನವರು ಅದಕ್ಕೆ "ಬಿಟ್ಟೋರ ಪಿಕ್ಚರ್" ಎಂದು ಹೆಸರಿಟ್ಟರು. ಪೋಸ್ಟರಿನಲ್ಲಿ ಆ ಟೀಚರು ಮಾವಿನೆಲೆ ಬಣ್ಣದ ಸೀರೆ ಉಟ್ಟಿದ್ದಳು. ನನ್ನ ಗೋದಾಮಿನಲ್ಲಿ ಅದೇ ಬಣ್ಣದ ಮಾಲು ಯಾರಿಗೂ ಬೇಡವಾಗಿ ಧೂಳು ತಿನ್ನುತ್ತಿತ್ತು. ಗೊಂಬೆಗೆ ಉಡಿಸಿ ಬಾಗಿಲಲ್ಲಿ ನಿಲ್ಲಿಸಿ, ಪಿಕ್ಚರ್ ಸೀರೆ ಎಂದೆ. ಒಂದೇ ವಾರದಲ್ಲಿ ಗೋದಾಮು ಖಾಲಿ. ಕೊನೆಗೆ ಉಳಿದದ್ದು ಗೊಂಬೆಯ ಮೈಮೇಲಿನ ಸೀರೆ. ಅದನ್ನು ಬಿಚ್ಚಿಸಿ ಕೊಂಡವನು ಸುಭಾಷ್.

"ಯಾರಿಗಪಾ?" ಎಂದೆ.

"ಇರ್ಲಿ ಬಿಡ್ರಿ ಸಾವ್ಕಾರ್ರ. ಗಿಫ್ಟ್ ಪ್ಯಾಕ್ ಮಾಡ್ರಿ. ಪಿಕ್ಚರ್‌ನ್ಯಾಗ ಹೀರೋ ಹಂಗ ಕೊಡ್ತಾನ, ಫೋನಿನ್ಯಾಗ ನೋಡೀನಿ."

ಶುಕ್ರವಾರ ಜುಮ್ಮಾ ನಮಾಜಿಗೆ ನಾನು ಮಧ್ಯಾಹ್ನ ಅಂಗಡಿ ಮುಚ್ಚುತ್ತೇನೆ. ಅಂದು ಇಬ್ಬರೂ ಮ್ಯಾಟಿನಿಗೆ ಹೋದರು. ಟಾಕೀಸಿನೊಳಗೆ ನಡೆದದ್ದನ್ನು ದುರಗಮ್ಮ ಮರುದಿನ ನನಗೆ ಅಕ್ಷರ ಬಿಡದೆ ಹೇಳಿದಳು.

ಇಂಟರ್ವಲ್‌ನಲ್ಲಿ ಸುಭಾಷ್ ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದು ಕೈಯಲ್ಲಿ ಆ ಪೊಟ್ಟಣ ಹಿಡಿದು ಬಂದನಂತೆ. ಇವಳು ಬಣ್ಣದ ಹಾಳೆ ಹರಿಯದಂತೆ ಬಿಚ್ಚಿ ನೋಡಿದಳು. ಸೀರೆ.

"ಇದು ನನಗ?" ಎಂದು ಕೇಳಿದಳು.

"ನಿನಗ."

"ಉಡ್ಲಿ?"

"ಉಡು ಮತ್ತ. ಪೆಟ್ಟಿಗ್ಯಾಗ ಇಡಾಕ ತಂದೀನೇನು?"

ಅವನಿಗೆ ಅದು ಇಂಟರ್ವಲ್‌ನ ಮಾತು. ಅವಳಿಗೆ ಅದು ಮದುವೆ. ಅವಳ ಮಂದಿಯಲ್ಲಿ ಬಿಡುಗಡೆಯಾದ ಹೆಣ್ಣಿಗೆ ಎರಡನೇ ಸಲ ಹಂದರವಿಲ್ಲ, ಅಕ್ಕಿಕಾಳಿಲ್ಲ, ಬಾಜಾಬಜಂತ್ರಿಯಿಲ್ಲ. ಗಂಡಸು ಸೀರೆ ಕೊಡಬೇಕು, ಅವಳು ಅವನನ್ನು ಕೇಳಿ ಉಡಬೇಕು. ಉಡಿಕಿ ಎನ್ನುತ್ತಾರೆ. ಕೊಟ್ಟದ್ದೂ ಆಯಿತು, ಕೇಳಿದ್ದೂ ಆಯಿತು. ದುರಗಮ್ಮ ಪೊಟ್ಟಣವನ್ನು ಎದೆಗೆ ಅವುಚಿಕೊಂಡು ಎದ್ದಳು.

"ಎಲ್ಲಿಗೆ? ಪಿಕ್ಚರ್ ಇನ್ನಾ ಅರ್ಧ ಐತಿ," ಎಂದನಂತೆ ಸುಭಾಷ್.

"ಅವ್ವಗ ತೋರಿಸ್ಬೇಕು. ನನಗ ಇಷ್ಟ ಸಾಕು."

ಅವನು ಎದ್ದು ಬರಲಿಲ್ಲ. ಟಿಕೀಟಿನ ದುಡ್ಡು ಕೊಟ್ಟಿದ್ದನಲ್ಲ, ಉಳಿದರ್ಧ ನೋಡುತ್ತ ಕೂತ.

ಶನಿವಾರ ದುರಗಮ್ಮ ಆ ಸೀರೆ ಉಟ್ಟು ಬಂದಳು. ಫಾಲ್ ಹಚ್ಚಿದ್ದು ಕಾಣುತ್ತಲೇ ಇರಲಿಲ್ಲ. ಕೈತುಂಬ ಹಸಿರು ಬಳೆ. ನನ್ನ ಅಂಗಡಿಯ ಗೊಂಬೆ ಇಷ್ಟು ದಿನ ಆ ಸೀರೆಯನ್ನು ಸುಮ್ಮನೆ ಹೊತ್ತು ನಿಂತಿತ್ತು ಎಂದು ಆವತ್ತು ತಿಳಿಯಿತು.

"ಉಡಿಕಿ ಆತ್ರಿ ಸಾವ್ಕಾರ್ರ," ಎಂದಳು. "ಅವ್ವ ಓಣ್ಯಾಗೆಲ್ಲ ಸಕ್ರಿ ಹಂಚ್ಯಾಳ."

"ಅವನ ಮಂದ್ಯಾಗ ಉಡಿಕಿ ಐತೇನಬೇ? ಕೇಳಿದಿ?"

"ಎಲ್ಲಾರ ಮಂದ್ಯಾಗೂ ಸೀರಿ ಇರ್ತೈತ್ರಿ."

"ಫೋನ್ ಮಾಡಿ ಒಂದು ಮಾತು ಕೇಳು."

"ಮಾಡೀನ್ರಿ. ಎತ್ತವಲ್ಲ. ಮನಿಗೆ ಸುಣ್ಣ ಹಚ್ಚಾಕತ್ತಾನ ಕಾಣ್ತೈತಿ."

ಅಂದಿನಿಂದ ಮಂಗಳವಾರದವರೆಗೆ ನನ್ನ ಕಟ್ಟೆಯ ಮೇಲೆ ಸಿನಿಮಾ ನಡೆಯಿತು. ಫಾಲ್ ಹಚ್ಚಿಸಲು ಕೂತ ಹೆಂಗಸರಿಗೆಲ್ಲ ದುರಗಮ್ಮ ಮಷೀನ್ ತುಳಿಯುತ್ತ ಮೊದಲರ್ಧದ ಕಥೆ ಹೇಳಿದಳು. ಟೀಚರು ಬಸ್ಸಿನಲ್ಲಿ ಅವನ ಮೇಲೆ ಮಜ್ಜಿಗೆ ಚೆಲ್ಲುವುದು, ಅವನು ಅವಳಿಗೆಂದು ಅಡುಗೆ ಮಾಡಿ ಕುಕ್ಕರ್ ಹಾರಿಸುವುದು. ಪ್ರತಿ ಸಲವೂ ಮಜ್ಜಿಗೆ ಹೆಚ್ಚು ಚೆಲ್ಲಿತು, ಕುಕ್ಕರ್ ಹೆಚ್ಚು ಎತ್ತರಕ್ಕೆ ಹಾರಿತು. ಹೆಂಗಸರು ಹೊಟ್ಟೆ ಹಿಡಿದು ನಕ್ಕರು. "ಕೊನಿಗೆ?" ಎಂದು ಯಾರಾದರೂ ಕೇಳಿದರೆ, "ಕೊನಿಗೆ ಏನೈತಿ, ಆಕಿನ್ನ ಕರ್ಕೊಂಡು ಹೋಗ್ತಾನ," ಎಂದು ನೂಲು ಕಡಿಯುತ್ತಿದ್ದಳು.

ಮಂಗಳವಾರ ಸುಭಾಷ್ ಬಂದ. ಅಂಗಿಯ ಗುಂಡಿಗಳೆಲ್ಲ ಇದ್ದವು. ಕೈಯಲ್ಲಿ ಪೇಡೆಯ ಡಬ್ಬಿ. ನೇರ ಗೋದಾಮಿಗೆ ಬಂದು, ಬಂಡಲ್ ಇಳಿಸುವ ಮೊದಲೇ ನನ್ನ ಬಾಯಿಗೆ ಒಂದು ಪೇಡೆ ತುರುಕಿದ.

"ಸಾವ್ಕಾರ್ರ, ನನ್ನ ಹೆಂಡ್ತಿ ತಿರುಗಿ ಬಂದಾಳ. ಮಗಳೂ ಬಂದಾಳ."

ಪೇಡೆಯನ್ನು ಅಗಿಯದೇ ನುಂಗಿದೆ. "ಹೆಂಗ?" ಎಂದೆ.

"ಆ ಪಿಕ್ಚರ್ ರೀ. ಎರಡನೇ ಅರ್ಧದಾಗ ಅವಗ ತನ್ನ ಹೆಂಡ್ತಿ ನೆನಪಾಗ್ತಾಳ್ರಿ. ಎಲ್ಲಾ ಬಿಟ್ಟು ಆಕಿ ಕಡೆ ತಿರುಗಿ ಓಡ್ತಾನ. ಕುಂತಲ್ಲೇ ಅತ್ತಬಿಟ್ಟೆ ನಾನು, ಖರೇನ ಹೇಳ್ತೀನಿ. ಹೊರಗ ಬಂದು ಟಾಕೀಸ್ ಮುಂದನ ಗದಗಿಗೆ ಫೋನ್ ಹಚ್ಚಿದೆ."

"ದುರಗಮ್ಮಗ ನೀ ಸೀರಿ ಕೊಟ್ಟೀಯಲ್ಲೋ."

"ಕೊಟ್ಟೀನಿ. ಇರ್ಲಿ ಬಿಡ್ರಿ, ಗೆಳೆತನಕ್ಕ ಕೊಟ್ಟಿದ್ದು, ತಿರುಗಿ ಕೇಳ್ತೀನೇನು?"

ಅವನ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಕೊರಳಪಟ್ಟಿ ಹಿಡಿಯಲು ಒಂದು ದಾರಿಯಿತ್ತು. ಡಬ್ಬಿ ಹಿಡಿದು ಕಟ್ಟೆಗೆ ಹೋದ. ದುರಗಮ್ಮ ಮಷೀನ್ ನಿಲ್ಲಿಸಿ ಎದ್ದು ನಿಂತಿದ್ದಳು, ಸೆರಗು ಸರಿಮಾಡಿಕೊಳ್ಳುತ್ತ.

"ಸೀರಿ ಛಲೋ ಒಪ್ಪೈತ್ರಿ," ಎಂದ ಸುಭಾಷ್. ಆಮೇಲೆ ಡಬ್ಬಿ ಮುಂದೆ ಚಾಚಿದ. "ಬಾಯಿ ಸಿಹಿ ಮಾಡ್ಕೋರಿ ಅಕ್ಕಾರ. ನಮ್ಮನಿಯಾಕಿ ತಿರುಗಿ ಬಂದಾಳ."

ಐದು ತಿಂಗಳು ಹೆಸರು ಹಿಡಿದು ಕರೆದ ಬಾಯಿ. ಅವನ ನಗೆ ಅಷ್ಟೇ ಇತ್ತು, ಕರೆಯುವ ಮಾತೊಂದು ಬದಲಾಗಿತ್ತು. ದುರಗಮ್ಮ ಅವನ ಮುಖವನ್ನು ಒಂದು ಕ್ಷಣ ನೋಡಿದಳು. ನನ್ನ ಕಡೆಯೂ ನೋಡಿದಳು. ಆಮೇಲೆ ಒಂದು ಪೇಡೆ ತೆಗೆದುಕೊಂಡಳು.

"ಮಗಳ ಹೆಸರೇನ್ರಿ?" ಎಂದು ಕೇಳಿದಳು.

"ವಿಜಯಲಕ್ಷ್ಮಿ. ಎರಡನೇತ್ತಾ ಓದ್ತಾಳ."

"ಛಲೋ ಹೆಸರು," ಎಂದು ಕೂತು, ಮಷೀನಿನ ಚಕ್ರ ತಿರುಗಿಸಿದಳು. ಸೂಜಿಯಲ್ಲಿ ನೂಲಿರಲಿಲ್ಲ. ಬಟ್ಟೆಯ ತುಂಬ ಬರಿಯ ತೂತುಗಳು ಬಿದ್ದವು. ಅವನು ಗಾಡಿ ಹೊರಡಿಸುವ ತನಕ ಅವಳು ಹಾಗೇ ತುಳಿದಳು.

ಆದರೆ ಊರಿನಲ್ಲಿ ಸಕ್ಕರೆ ಹಂಚಿಯಾಗಿತ್ತು. ಎರಡು ದಿನಕ್ಕೆ ಅವಳ ಸೋದರಮಾವ ಗಾಳೆಪ್ಪ, ತಾಯಿ ಫಕೀರಮ್ಮನನ್ನು ಕರೆದುಕೊಂಡು ಅಂಗಡಿಗೆ ಬಂದ. ಗಾಳೆಪ್ಪ ಅವರ ಮಂದಿಯಲ್ಲಿ ಹಿರಿಯ. ಗಾದಿಯ ತುದಿಗೆ ಕೂತು ಹೇಳಿದ:

"ನೂರಸಾಬರ, ಸೀರಿ ನಿಮ್ಮ ಅಂಗಡೀದು. ಆ ಡ್ರೈವರ್ ತಗೊಂಡಾಗ ಏನಂದ, ಅಷ್ಟ ಹೇಳ್ರಿ. ಉಡಿಕಿಗೆ ಅಂದಿದ್ರ ನಾಳೆ ಕೊಪ್ಪಳಕ್ಕ ಹೋಗಿ ಅವನ ಮನಿ ಮುಂದ ಕುಂಡ್ರತೀವಿ. ಇಟ್ಕೋಬೇಕು, ಇಲ್ಲಾಂದ್ರ ನಾಲ್ಕು ಮಂದ್ಯಾಗ ಸೋಡಚೀಟಿ ಕೊಡಬೇಕು."

ನನ್ನ ನಾಲಿಗೆಯ ಮೇಲೆ ಎರಡು ಉತ್ತರಗಳಿದ್ದವು. ಉಡಿಕಿಗೆ ಎಂದರೆ ಗದಗಿನಿಂದ ಬಂದಾಕೆ ಮಗಳ ಕೈಹಿಡಿದು ಮತ್ತೆ ಬಸ್ ಹತ್ತುತ್ತಾಳೆ. ಅಲ್ಲ ಎಂದರೆ ಇವಳು ಯಾವನೋ ಗಂಡಸಿನ ಕೈಯಿಂದ ಸುಮ್ಮನೆ ಸೀರೆ ತೆಗೆದುಕೊಂಡವಳಾಗುತ್ತಾಳೆ. ವ್ಯಾಪಾರದಲ್ಲಿ ಇಂಥ ಹೊತ್ತಿಗೆ ಚಹಾ ತರಿಸುವುದು ರೂಢಿ. ತರಿಸಲು ಬಾಯಿ ತೆರೆದೆ.

"ಯಾರೂ ಕೊಟ್ಟಿಲ್ಲ," ಎಂದಳು ಕಟ್ಟೆಯ ಮೇಲಿಂದ ದುರಗಮ್ಮ. "ನಾನ ತಗೊಂಡೀನಿ. ಕೇಳ್ರಿ ಸಾವ್ಕಾರ್ರನ್ನ."

ಗಾಳೆಪ್ಪ ನನ್ನ ಮುಖ ನೋಡಿದ. ನಾನು ಅವಳ ಮುಖ ನೋಡಿದೆ. ಕೇಳಿಕೊಳ್ಳುವ ಮುಖವಲ್ಲ ಅದು. ಬೆಲೆ ಹೇಳಿ ಆಗಿದೆ, ಇಳಿಸುವುದಿಲ್ಲ ಎನ್ನುವ ಮುಖ.

"ಹೌದು," ಎಂದೆ. "ಆಕೀನ ತಗೊಂಡಾಳ."

ಫಕೀರಮ್ಮ ಎದ್ದು ಮಗಳ ಹತ್ತಿರ ಹೋದಳು. "ಮತ್ತ ನನ್ನ ಕಡಿಂದ ಯಾಕ ಸಕ್ರಿ ಹಂಚಿಸಿದಿ? ಹಣಿಗೆ ಯಾಕ ಕುಂಕುಮ ಹಚ್ಚಿಸ್ಕೊಂಡಿ?"

"ಆಸಿ ಆಗಿತ್ತು ಬೇ," ಎಂದಳು ದುರಗಮ್ಮ.

ಫಕೀರಮ್ಮ ಹೊಡೆಯಲು ಕೈ ಎತ್ತಿದವಳು, ಆ ಕೈಯಿಂದಲೇ ಮಗಳ ಸೆರಗು ಎಳೆದು ತನ್ನ ಕಣ್ಣು ಒರೆಸಿಕೊಂಡಳು. ಗಾಳೆಪ್ಪ ಚಹಾಕ್ಕೂ ನಿಲ್ಲದೆ ಹೋದ.

ಈಗ ಮರಳಿಯಲ್ಲಿ ಅವಳಿಗೆ ಅಡ್ಡಹೆಸರು ಬಿದ್ದಿದೆ: ತನ್ನ ಉಡಿಕಿ ತಾನೇ ಕೊಂಡಾಕಿ. ಬಸ್ಸಿನಲ್ಲಿ ಹುಡುಗರು, "ಈ ಸಲ ಯಾರ ಜೋಡಿ ಉಡಿಕಿ, ದುರಗಕ್ಕಾ?" ಎನ್ನುತ್ತಾರಂತೆ. "ನಿಮ್ಮಪ್ಪಗ ಕೇಳ್ಕೊಂಡು ಬರ್ರಿ," ಎಂದು ಇವಳು ಹೇಳುತ್ತಾಳಂತೆ. ಅದನ್ನು ನನಗೆ ನಕ್ಕೊಂಡೇ ಹೇಳಿದಳು. ನಕ್ಕು ಮುಗಿದ ಮೇಲೂ ಬಾಯಿ ಹಾಗೇ ಉಳಿದಿತ್ತು, ಮುಚ್ಚುವುದು ಮರೆತವಳಂತೆ.

ಸುಭಾಷ್‌ಗೆ ಇದಾವುದೂ ಗೊತ್ತಿಲ್ಲ. ಮಂಗಳವಾರ ಬರುತ್ತಾನೆ, ಬಂಡಲ್ ಇಳಿಸುತ್ತಾನೆ, "ಆರಾಮ ಅದೀರೇನ್ರಿ ಅಕ್ಕಾರ?" ಎನ್ನುತ್ತಾನೆ. ಹೇಳಬೇಡಿರೆಂದು ಅವಳು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ.

ಗಾಳೆಪ್ಪ ಬಂದುಹೋದ ಮೇಲಿನ ಶುಕ್ರವಾರ ನನ್ನ ಹೆಂಡತಿ ಫಾತಿಮಾಬೀಯನ್ನು ಕರೆದುಕೊಂಡು ನಾನೂ ಆ ಸಿನಿಮಾಕ್ಕೆ ಹೋದೆ. ಯಾವ ಸೀರೆಗೆ ಗಿರಾಕಿ ಬರಬಹುದೆಂದು ನೋಡಲು ಎಂದು ಹೇಳಿಕೊಂಡೆ. ಸುಭಾಷ್ ಹೇಳಿದ್ದು ಸರಿಯಿತ್ತು. ಹೀರೋ ಹೆಂಡತಿಯ ಕಡೆಗೆ ಓಡುತ್ತಾನೆ, ಟಾಕೀಸಿನ ಹೆಂಗಸರೆಲ್ಲ ಚಪ್ಪಾಳೆ ಹೊಡೆದರು. ಸುಭಾಷ್ ಹೇಳದೆ ಬಿಟ್ಟದ್ದೊಂದಿತ್ತು. ಆ ಟೀಚರು ಮಾವಿನೆಲೆ ಬಣ್ಣದ ಸೀರೆಯುಟ್ಟು ಬಸ್‌ಸ್ಟ್ಯಾಂಡಿನಲ್ಲಿ ಅವನಿಗಾಗಿ ಕಾಯುತ್ತಿರುತ್ತಾಳೆ. ಅವನು ಬಾರದಿರಲು ತಪ್ಪು ಬಸ್ ಹತ್ತಿಬಿಡುತ್ತಾಳೆ. ಜನ ಅದಕ್ಕೆ ಭಾಳ ನಕ್ಕರು. ಅವಳು ಮುಂದೆ ಏನಾದಳೆಂದು ಸಿನಿಮಾದಲ್ಲಿಲ್ಲ.

ಮೊನ್ನೆ ಗಿರಾಕಿ ಇಲ್ಲದ ಹೊತ್ತಿನಲ್ಲಿ ದುರಗಮ್ಮ ಆ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾನೇ ಹಚ್ಚಿದ ಫಾಲನ್ನು ಬ್ಲೇಡಿನಿಂದ ಬಿಚ್ಚುತ್ತಿದ್ದಳು. ಒಂದೊಂದೇ ಹೊಲಿಗೆ, ಬಟ್ಟೆಗೆ ತಾಗದಂತೆ. ಬಿಚ್ಚಿದ ಫಾಲನ್ನು ಮಡಚಿಟ್ಟು, ಸೀರೆಯನ್ನು ಗೊಂಬೆಗೆ ಮತ್ತೆ ಉಡಿಸಿದಳು.

"ಸಾವ್ಕಾರ್ರ, ನೀವು ಪಿಕ್ಚರ್ ನೋಡಿ ಬಂದೀರಂತಲ್ಲ," ಎಂದಳು, ಗೊಂಬೆಯ ನೆರಿಗೆ ತಿದ್ದುತ್ತ. "ಕೊನಿಗೆ ಏನಾತ್ರಿ? ಆ ಟೀಚರ್‌ನ ಕರ್ಕೊಂಡು ಹೋಗ್ತಾನಿಲ್ರಿ?"

ಅಷ್ಟರಲ್ಲಿ ಯಲಬುರ್ಗಾ ಕಡೆಯ ಒಂದು ಮದುವೆಯ ಗುಂಪು ಮೆಟ್ಟಿಲು ಹತ್ತಿತು. ಅವರ ಅಂಚು ನೋಡುವುದನ್ನೂ ಮರೆತು, "ಆಮ್ಯಾಲೆ ಹೇಳ್ತೀನಿ," ಎಂದೆ.

ದಿನಾ ಎದುರಿಗೇ ಕೂತಿರುತ್ತಾಳೆ. ಮತ್ತೆ ಕೇಳಿಲ್ಲ. ನಾನು ದುರಗಮ್ಮನಿಗೆ ಅರ್ಧ ಸಿನಿಮಾದ ಕಥೆ ಕೊಡುವುದಿದೆ.